ತೊಳೆದರೆ ಹೋಗುವ ಹೆಸರು: ಉಬ್ಬು ಪಾತ್ರೆಯ ಲೇಸರ್ ಗುರುತಿನಲ್ಲಿ ದೋಷ ಹುಡುಕುವ ಬಗೆ

ಸ್ಟೀಲ್ ತಂಬಿಗೆಯ ಮೇಲೆ ಲೇಸರಿನಿಂದ ಕಪ್ಪಗೆ, ಚೊಕ್ಕವಾಗಿ ಮೂಡಿದ ಹೆಸರು ನೀರು ಹಾಕಿ ಉಜ್ಜಿದ ಕೂಡಲೇ ಅರ್ಧಕ್ಕರ್ಧ ಎದ್ದು ಹೋದರೆ ಎಲ್ಲರ ಅನುಮಾನ ಮೊದಲು ಹೋಗುವುದು ಲೇಸರಿಗೆ ಮುನ್ನ ಪಾತ್ರೆಗೆ ಬಳಿಯುವ ಕಾಂಪೌಂಡಿನ ಡಬ್ಬಿಯ ಮೇಲೆ. ಅದು ಬಿಟ್ಟರೆ ಕಿರಣ ಹುಟ್ಟಿಸುವ ಲೇಸರ್ ಟ್ಯೂಬಿನ ಮೇಲೆ. ಪವರ್ ಏರಿಸುವುದು, ವೇಗ ಇಳಿಸುವುದು, ಮತ್ತೆ ಅದೇ ಕಥೆ. ಹೀಗೆ ಅಂದಾಜಿನ ಮೇಲೆ ಸೆಟ್ಟಿಂಗ್ ತಿರುವುತ್ತ ಹೋದರೆ ಪಾತ್ರೆಗಳು ಹಾಳಾಗುತ್ತವೆಯೇ ಹೊರತು ಕಾರಣ ಸಿಗುವುದಿಲ್ಲ. ಅದರ ಬದಲು ಕೆಟ್ಟ ಪಾತ್ರೆಯನ್ನು ಬೆಳಕಿಗೆ ಹಿಡಿದು, ಗುರುತು ಎಲ್ಲಿ ನಿಂತಿದೆ, ಎಲ್ಲಿ ಬಿಟ್ಟಿದೆ ಎಂದು ನೋಡಿ. ಕಾರಣ ಅಲ್ಲೇ ಕಾಣುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ಕೆಲಸಕ್ಕೆ ಬರುವುದು ಹೆಚ್ಚಿನಂಶ ಬಳಸುವ ಪಾತ್ರೆಗಳು. ಶಿರಸಿ, ಸಿದ್ದಾಪುರದ ಕಡೆ ಮದುವೆ, ಮುಂಜಿಗೆ ಕೊಡುವ ತಂಬಿಗೆ, ಲೋಟ, ಹರಿವಾಣ. ಕಾರವಾರದಲ್ಲಿ ಕೈಗಾ ಮತ್ತು ನೌಕಾನೆಲೆಯ ಬೀಳ್ಕೊಡುಗೆಗಳಿಗೆ ಫ್ಲಾಸ್ಕ್, ಮಗ್ಗು. ಕುಮಟಾ, ಹೊನ್ನಾವರದಲ್ಲಿ ಯಕ್ಷಗಾನ ಸಂಘದ ಸನ್ಮಾನಕ್ಕೆ ಬಟ್ಟಲು. ಗೋಡೆಗೆ ನೇತುಹಾಕುವ ಫಲಕವಾದರೆ ಗುರುತು ಅರೆಬರೆ ಅಂಟಿದ್ದರೂ ಯಾರಿಗೂ ತಿಳಿಯದು. ತಂಬಿಗೆ ಹಾಗಲ್ಲ, ದಿನಾ ತಿಕ್ಕಿಸಿಕೊಳ್ಳುತ್ತದೆ. ಹಿಂದೆ ಪಾತ್ರೆ ಅಂಗಡಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದುಕೊಡುತ್ತಿದ್ದ ಹೆಸರುಗಳು ಇವತ್ತಿಗೂ ಅಟ್ಟದ ಮೇಲಿನ ಪಾತ್ರೆಗಳಲ್ಲಿ ಓದಲು ಬರುತ್ತವೆ. ಲೇಸರಿನ ಹೆಸರೂ ಅಷ್ಟು ಕಾಲ ಬಾಳಬೇಕು, ಬಾಳುತ್ತದೆ ಕೂಡ.

ಕೆಲಸ ಹೇಗೆ ನಡೆಯುತ್ತದೆ ಎಂಬುದು ಮನಸ್ಸಿನಲ್ಲಿದ್ದರೆ ದೋಷ ಹುಡುಕುವುದು ಸುಲಭ. ಕಾರ್ಬನ್ ಡೈಆಕ್ಸೈಡ್ ಲೇಸರಿನ ಕಿರಣದ ತರಂಗಾಂತರ 10.6 ಮೈಕ್ರೋಮೀಟರ್. ಬರಿಯ ಲೋಹ ಆ ಕಿರಣದ ಬಹುಪಾಲನ್ನು ವಾಪಸ್ ಕಳಿಸುತ್ತದೆ. ಅಂಗಡಿಗಳಲ್ಲಿರುವ 40ರಿಂದ 80 ವ್ಯಾಟಿನ ಯಂತ್ರಕ್ಕೆ ಸ್ಟೀಲನ್ನು ಕೊರೆಯುವ ಶಕ್ತಿ ಇಲ್ಲ. ಅದಕ್ಕೇ ಮೇಲೆ ಸೆರ್‌ಮಾರ್ಕ್‌ನಂಥ ಬಾಂಡಿಂಗ್ ಕಾಂಪೌಂಡ್ ಬಳಿಯುವುದು. ಕಾಂಪೌಂಡ್ ಕಿರಣವನ್ನು ಹೀರಿ ಕಾದು ಕರಗಿ ಲೋಹದ ಮೇಲ್ಮೈಗೆ ಬೆಸೆದುಕೊಳ್ಳುತ್ತದೆ. ಬೆಸುಗೆ ಆಗಬೇಕಾದರೆ ಬಿಸಿ ಕಾಂಪೌಂಡಿನ ತಳದವರೆಗೆ ಇಳಿಯಬೇಕು, ತಳದಲ್ಲಿ ಸ್ವಚ್ಛ ಲೋಹ ಇರಬೇಕು. ಮುಂದೆ ಹೇಳುವ ದೋಷಗಳಲ್ಲಿ ಹೆಚ್ಚಿನವು ಈ ಎರಡರಲ್ಲಿ ಒಂದು ತಪ್ಪಿದ್ದರಿಂದ ಬಂದವು.

ಮೊದಲು ಮಾಡಬೇಕಾದ ಪರೀಕ್ಷೆ

ಲೇಸರ್ ಮುಗಿದ ಪಾತ್ರೆ ತಣ್ಣಗಾಗಲಿ. ಹರಿಯುವ ನೀರಿನಲ್ಲಿ ಬಟ್ಟೆಯಿಂದ ಒರೆಸಿ, ಉಳಿದ ಕಾಂಪೌಂಡನ್ನೆಲ್ಲ ತೆಗೆಯಿರಿ. ಆಮೇಲೆ ಪಾತ್ರೆ ತೊಳೆಯುವ ಸೋಪು ಹಚ್ಚಿ ಹಸಿರು ಸ್ಕ್ರಬ್ಬರಿನಿಂದ ಮನೆಯಲ್ಲಿ ಹೇಗೆ ತಿಕ್ಕುತ್ತಾರೋ ಹಾಗೇ ತಿಕ್ಕಿ. ಸರಿಯಾಗಿ ಬೆಸೆದ ಗುರುತು ಇದಕ್ಕೆ ಅಲುಗುವುದಿಲ್ಲ. ಉಗುರಿನಿಂದ ಕೆರೆದು ನೋಡಿದರೆ ಸಾಲದು. ಉಗುರಿಗೆ ನಿಂತದ್ದು ಸ್ಕ್ರಬ್ಬರಿಗೆ ಹೋಗುತ್ತದೆ.

ತಿಕ್ಕಿದ ಮೇಲೆ ಉಳಿದದ್ದರ ಫೋಟೋ ತೆಗೆದುಕೊಳ್ಳಿ. ನಾಲ್ಕೈದು ಬಗೆಯ ಚಿತ್ರಗಳಷ್ಟೇ ಬರುತ್ತವೆ. ಹೆಸರಿನ ನಡುಭಾಗ ಗಟ್ಟಿಯಾಗಿದ್ದು ಅಂಚಿನ ಅಕ್ಷರ ಮಾಸಿದ್ದರೆ ಉಬ್ಬಿನಿಂದಾಗಿ ಫೋಕಸ್ ತಪ್ಪಿದೆ. ಒಂದೊಂದು ಕಡೆ ಮಾತ್ರ ಕಲೆಯ ಹಾಗೆ ಬಿಟ್ಟಿದ್ದರೆ ಎಣ್ಣೆ ಅಥವಾ ಅಂಟು. ಇಡೀ ಹೆಸರು ಪೊರೆಯಾಗಿ ಎದ್ದು ಬಂದರೆ ಲೇಪ ದಪ್ಪವಾಗಿದೆ ಇಲ್ಲವೇ ಬಿಸಿ ಸಾಲದು. ಅಕ್ಷರದಲ್ಲಿ ಅಡ್ಡಪಟ್ಟಿ ಬಿದ್ದಿದ್ದರೆ ಅಥವಾ ಅಕ್ಷರ ಚಪ್ಪಟೆಯಾಗಿದ್ದರೆ ರೋಟರಿ, ಅಂದರೆ ಲೇಸರಿನ ಕೆಳಗೆ ಪಾತ್ರೆಯನ್ನು ತಿರುಗಿಸುವ ಸಾಧನ ನೋಡಿ. ಬೆಳಿಗ್ಗೆ ಚೆನ್ನಾಗಿ ಬಂದದ್ದು ಮಧ್ಯಾಹ್ನಕ್ಕೆ ಮಾಸಲಾಗುತ್ತಿದ್ದರೆ ಅದು ಮಳೆಗಾಲದ ತೇವ, ಅದನ್ನು ಕೊನೆಗೆ ವಿವರವಾಗಿ ನೋಡೋಣ.

ಅಂಚು ಮಾಸಿದ್ದರೆ

ಎರಡು ಇಂಚಿನ ಸಾಮಾನ್ಯ ಲೆನ್ಸಿನಲ್ಲಿ ಕಿರಣ ಹರಿತವಾಗಿರುವುದು ಫೋಕಸ್ ಬಿಂದುವಿನಿಂದ ಸುಮಾರು ಒಂದು ಮಿ.ಮೀ. ಮೇಲೆ, ಒಂದು ಮಿ.ಮೀ. ಕೆಳಗೆ ಮಾತ್ರ. ಮರ, ಅಕ್ರಿಲಿಕ್‌ಗೆ ಇನ್ನಷ್ಟು ಹೆಚ್ಚುಕಮ್ಮಿ ನಡೆಯುತ್ತದೆ. ಕಾಂಪೌಂಡ್ ಅಷ್ಟು ಸಡಿಲ ಬಿಡುವುದಿಲ್ಲ. ಬಿಂದು ಅಗಲವಾದಂತೆ ಬಿಸಿ ಹರಡಿ ಕರಗುವ ಮಟ್ಟ ಮುಟ್ಟುವುದಿಲ್ಲ.

ಈಗ ಲೆಕ್ಕ ನೋಡಿ. 70 ಮಿ.ಮೀ. ವ್ಯಾಸದ ಲೋಟವನ್ನು ರೋಟರಿ ಇಲ್ಲದೆ ಅಲುಗದಂತೆ ಮಲಗಿಸಿ ಹೆಸರು ಹಾಕುತ್ತಿದ್ದೀರಿ. ಹೆಸರಿನ ಅಗಲ 20 ಮಿ.ಮೀ. ಇದ್ದರೆ ನೆತ್ತಿಗೂ ಅಂಚಿಗೂ ಎತ್ತರದ ವ್ಯತ್ಯಾಸ ಸುಮಾರು ಒಂದೂವರೆ ಮಿ.ಮೀ. ಅಗಲ 30 ಆದರೆ 3.4 ಮಿ.ಮೀ. 40 ಆದರೆ 6.3 ಮಿ.ಮೀ. ಅಗಲ ಇಮ್ಮಡಿಯಾದರೆ ಇಳಿಜಾರು ನಾಲ್ಕು ಪಟ್ಟಿಗಿಂತ ಹೆಚ್ಚಾಗುತ್ತದೆ ಎಂಬುದನ್ನು ಗಮನಿಸಿ. ಜೊತೆಗೆ ಅಂಚಿನಲ್ಲಿ ಕಿರಣ ಓರೆಯಾಗಿ ಬೀಳುವುದರಿಂದ ಬಿಂದು ಮೊಟ್ಟೆಯಾಕಾರಕ್ಕೆ ಎಳೆದುಕೊಂಡು ಬಿಸಿ ಇನ್ನೂ ಕಡಿಮೆಯಾಗುತ್ತದೆ. ಆದ್ದರಿಂದ ಆ ಲೋಟಕ್ಕೆ ರೋಟರಿ ಇಲ್ಲದೆ 20 ಮಿ.ಮೀ. ಮೀರಬೇಡಿ. 20ರ ಒಳಗೂ ಫೋಕಸನ್ನು ನೆತ್ತಿಗೆ ಕೂರಿಸದೆ ನೆತ್ತಿ ಮತ್ತು ಅಂಚಿನ ನಡುವಿನ ಎತ್ತರಕ್ಕೆ ಕೂರಿಸಿ. ಆಗ ವ್ಯತ್ಯಾಸ ಎರಡು ಕಡೆ ಹಂಚಿಹೋಗಿ ಮುಕ್ಕಾಲು ಮಿ.ಮೀ.ಗೆ ಇಳಿಯುತ್ತದೆ. ದುಡ್ಡು ಖರ್ಚಿಲ್ಲದ ಈ ಒಂದು ಬದಲಾವಣೆಯಿಂದಲೇ ಅರ್ಧ ದೂರುಗಳು ನಿಲ್ಲುತ್ತವೆ ಎಂಬುದು ನನ್ನ ನಂಬಿಕೆ.

ರೋಟರಿ ಹಾಕಿದರೆ ಸುತ್ತಳತೆಯ ಕಡೆಯ ಉಬ್ಬು ಸಮಸ್ಯೆಯೇ ಅಲ್ಲ. ಲೇಸರ್ ಯಾವಾಗಲೂ ನೆತ್ತಿಯ ಗೆರೆಯ ಮೇಲೇ ಓಡುತ್ತದೆ, ಪಾತ್ರೆ ತಿರುಗುತ್ತ ಹೋಗುತ್ತದೆ. ಆದರೆ ತಂಬಿಗೆಗೆ ಇನ್ನೊಂದು ಉಬ್ಬಿದೆ, ಕತ್ತಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ತಳಕ್ಕೆ. ಅದನ್ನು ರೋಟರಿ ಸರಿಮಾಡುವುದಿಲ್ಲ. ಹೊಟ್ಟೆಯ ಬಾಗು 50 ಮಿ.ಮೀ. ತ್ರಿಜ್ಯದ್ದಿದ್ದು ವಿನ್ಯಾಸದ ಎತ್ತರ 30 ಮಿ.ಮೀ. ಇದ್ದರೆ ಇಳಿಜಾರು 2.3 ಮಿ.ಮೀ. ನಡು ಎತ್ತರಕ್ಕೆ ಫೋಕಸ್ ಮಾಡಿದರೆ ಹಾಗೂಹೀಗೂ ನಡೆಯುತ್ತದೆ. ಅದಕ್ಕೂ ದೊಡ್ಡದು ಬೇಕೆಂದು ಗಿರಾಕಿ ಪಟ್ಟು ಹಿಡಿದರೆ ಎರಡು ಸಾಲಿನ ಹೆಸರನ್ನು ಒಂದೇ ಸಾಲು ಮಾಡಿ ತಂಬಿಗೆಯ ಸುತ್ತ ಹರಿಸಿ. ಎತ್ತರ ಕಡಿಮೆಯಾದಷ್ಟೂ ಗುರುತು ಗಟ್ಟಿ.

ನಾಲ್ಕಿಂಚಿನ ಲೆನ್ಸ್ ಹಾಕಿದರೆ ಫೋಕಸಿನ ಆಳ ಸುಮಾರು ನಾಲ್ಕು ಪಟ್ಟು ಹೆಚ್ಚುತ್ತದೆ ನಿಜ. ಆದರೆ ಬಿಂದು ಇಮ್ಮಡಿ ಅಗಲವಾಗಿ ಅದರ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ. 80 ವ್ಯಾಟಿನ ಟ್ಯೂಬ್ ಇದ್ದವರು ವೇಗ ತಗ್ಗಿಸಿ ಪ್ರಯತ್ನಿಸಬಹುದು. 40 ವ್ಯಾಟಿನವರಿಗೆ ನಾನು ಅದನ್ನು ಹೇಳುವುದಿಲ್ಲ.

ಕಲೆ ಕಲೆಯಾಗಿ ಬಿಟ್ಟಿದ್ದರೆ

ಹೊಸ ಪಾತ್ರೆ ಹೊಳೆಯುತ್ತಿದೆ ಎಂದ ಮಾತ್ರಕ್ಕೆ ಸ್ವಚ್ಛ ಎಂದಲ್ಲ. ಕಾರ್ಖಾನೆಯಲ್ಲಿ ಪಾಲಿಶ್ ಮಾಡುವಾಗ ಹಚ್ಚಿದ ಮೇಣ ತೆಳುವಾಗಿ ಉಳಿದಿರುತ್ತದೆ. ಬೆಲೆಯ ಸ್ಟಿಕ್ಕರ್ ಕಿತ್ತ ಜಾಗದಲ್ಲಿ ಅಂಟು ಇರುತ್ತದೆ, ಬೆರಳಿನ ಎಣ್ಣೆ ಎಲ್ಲ ಕಡೆ ಇರುತ್ತದೆ. ಬಿಟ್ಟ ಜಾಗ ಬೆರಳಿನ ಗಾತ್ರದ್ದೋ, ಸ್ಟಿಕ್ಕರಿನ ಚೌಕದ್ದೋ ಆಗಿದ್ದರೆ ಇನ್ನೇನೂ ಯೋಚಿಸಬೇಡಿ.

ಪರೀಕ್ಷೆ ನೀರಿನದ್ದೇ. ಪಾತ್ರೆಯನ್ನು ಸೋಪಿನಿಂದ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಅಥವಾ ಅಸಿಟೋನ್ ಹಾಕಿದ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಯ ಅದೇ ಮಡಿಕೆಯಿಂದ ಎರಡನೇ ಸಲ ಒರೆಸಿದರೆ ತೆಗೆದ ಮೇಣವನ್ನು ಮತ್ತೆ ಹಚ್ಚಿದಂತೆ, ಮಡಿಕೆ ಬದಲಿಸಿ. ಈಗ ಶುದ್ಧ ನೀರನ್ನು ಪಾತ್ರೆಯ ಹೊರಮೈ ಮೇಲೆ ಸುರಿದು ಓರೆಯಾಗಿ ಹಿಡಿಯಿರಿ. ಸ್ವಚ್ಛ ಲೋಹದ ಮೇಲೆ ನೀರು ಎಲ್ಲೂ ಒಡೆಯದ ಒಂದೇ ತೆಳು ಪರದೆಯಾಗಿ ಇಳಿಯುತ್ತದೆ. ಎಣ್ಣೆ ಇದ್ದಲ್ಲಿ ಪರದೆ ಹರಿದು, ಅಂಚು ಹಿಂದೆ ಸರಿದು, ಹನಿಗಳು ಬೇರೆ ಬೇರೆಯಾಗಿ ನಿಲ್ಲುತ್ತವೆ, ಕೆಸುವಿನೆಲೆಯ ಮೇಲೆ ನಿಂತ ಹಾಗೆ. ಪರದೆ ಹರಿದ ಜಾಗವೇ ನಾಳೆ ಹೆಸರು ಬಿಡುವ ಜಾಗ. ಪರದೆ ಸರಿಯಾಗಿ ಇಳಿಯುವವರೆಗೆ ಒರೆಸಿ, ಒಣಗಿಸಿ, ಆಮೇಲೆ ಕೈಗವಸು ಹಾಕಿಕೊಂಡೇ ಮುಟ್ಟಿ.

ಕೆಲವು ಫ್ಲಾಸ್ಕ್, ಮಗ್ಗುಗಳ ಮೇಲೆ ಕಣ್ಣಿಗೆ ಕಾಣದ ಪಾರದರ್ಶಕ ಲ್ಯಾಕರ್ ಇರುತ್ತದೆ. ಕಾಂಪೌಂಡ್ ಲ್ಯಾಕರಿಗೆ ಅಂಟುತ್ತದೆ, ಲ್ಯಾಕರ್ ಸುಟ್ಟು ಎದ್ದಾಗ ಹೆಸರೂ ಜೊತೆಗೆ ಬರುತ್ತದೆ. ತಳದಲ್ಲಿ ಒಂದು ಮೂಲೆಯನ್ನು ಅಸಿಟೋನಿನಿಂದ ಉಜ್ಜಿ ನೋಡಿ, ಹೊಳಪು ಬದಲಾದರೆ ಲ್ಯಾಕರ್ ಇದೆ. ಬಣ್ಣದ ಪೌಡರ್ ಕೋಟಿಂಗ್ ಇರುವ ಬಾಟಲಿಗೆ ಕಾಂಪೌಂಡ್ ಬೇಡವೇ ಬೇಡ. ಲೇಸರ್ ಕೋಟಿಂಗನ್ನು ಸುಟ್ಟು ತೆಗೆದರೆ ಕೆಳಗಿನ ಸ್ಟೀಲೇ ಅಕ್ಷರವಾಗಿ ಕಾಣುತ್ತದೆ.

ಪೊರೆಯಾಗಿ ಎದ್ದರೆ, ಕಂದಾಗಿ ಬಂದರೆ

ಲೇಪ ತೆಳುವಾಗಿರಬೇಕು, ಆದರೆ ಲೋಹ ಇಣುಕಬಾರದು. ಈ ಎರಡರ ನಡುವಿನ ಜಾಗ ಚಿಕ್ಕದು, ಉಬ್ಬು ಪಾತ್ರೆಯ ಮೇಲೆ ಇನ್ನೂ ಚಿಕ್ಕದು. ಬಳಿದದ್ದು ನೆತ್ತಿಯಿಂದ ಪಕ್ಕಕ್ಕೆ ಜಾರಿ ಅಲ್ಲಿ ದಪ್ಪವಾಗುತ್ತದೆ. ದಪ್ಪವಾದಲ್ಲಿ ಮೇಲಿನ ಪದರ ಮಾತ್ರ ಕರಗಿ ಕಪ್ಪಾಗುತ್ತದೆ, ತಳ ಹಸಿಯಾಗಿಯೇ ಉಳಿದು ತೊಳೆಯುವಾಗ ಎಲ್ಲ ಸೇರಿ ಎದ್ದು ಬರುತ್ತದೆ. ಎದ್ದ ಪೊರೆಯ ಹಿಂಬದಿ ನೋಡಿ. ಅದು ಬಳಿದ ಬಣ್ಣದಲ್ಲೇ ಇದ್ದರೆ ಬಿಸಿ ಅಲ್ಲಿಗೆ ಇಳಿದಿಲ್ಲ. ಲೇಪ ತೆಳು ಮಾಡಿ, ಅದರಿಂದಲೂ ಆಗದಿದ್ದರೆ ಮಾತ್ರ ವೇಗ ಇಳಿಸಿ.

ಬ್ರಶ್ಶಿನಿಂದ ಬಳಿಯುವವರಿಗೆ ನಾನು ಏರ್‌ಬ್ರಶ್ ಕೊಳ್ಳಿ ಎನ್ನುತ್ತೇನೆ. ಬ್ರಶ್ಶಿನ ಗೆರೆಗಳು ಲೇಪದಲ್ಲಿ ಏರಿಳಿತ ಬಿಟ್ಟು, ಗುರುತಿನಲ್ಲೂ ಅದೇ ಗೆರೆ ಕಾಣುತ್ತದೆ. ಪಾತ್ರೆಯನ್ನು ತಿರುಗಿಸುತ್ತ 15ರಿಂದ 20 ಸೆಂ.ಮೀ. ದೂರದಿಂದ ಒಂದು ತೆಳು ಸುತ್ತು, ಅದು ಒಣಗಿದ ಮೇಲೆ ಇನ್ನೊಂದು. ಡಬ್ಬಿಯ ಭಾರದ ಪುಡಿ ತಳಕ್ಕೆ ಕೂರುತ್ತದೆ. ಅಲ್ಲಾಡಿಸಿದರೆ ಸಾಲದು, ಕಡ್ಡಿಯಿಂದ ತಳ ಮುಟ್ಟಿ ಕಲಕಿ, ಕಡ್ಡಿಗೆ ಗಟ್ಟಿ ಅಂಟದ ತನಕ. ಕಲಕದೆ ಮೇಲಿನ ತಿಳಿಯನ್ನೇ ಬಳಸುತ್ತ ಬಂದರೆ ಮೊದಮೊದಲು ಗುರುತು ಕಂದಾಗಿ ಪೇಲವವಾಗುತ್ತದೆ, ಡಬ್ಬಿಯ ಕೊನೆಗೆ ಬಂದಾಗ ಲೇಪ ಗಟ್ಟಿಯಾಗಿ ಪೊರೆ ಏಳುತ್ತದೆ. ಒಂದೇ ಡಬ್ಬಿಯಲ್ಲಿ ಎರಡೂ ದೋಷ ಕಂಡರೆ ಕಾರಣ ಇದೇ.

ಕಂದು ಬಣ್ಣಕ್ಕೆ ಇನ್ನೊಂದು ಕಾರಣ ಅತಿ ಬಿಸಿ. ಎರಡನ್ನೂ ಬೇರ್ಪಡಿಸುವುದು ಸುಲಭ. ಅಕ್ಷರದ ಸುತ್ತ ಸ್ಟೀಲಿನ ಮೇಲೆ ಹಳದಿ ಅಥವಾ ನೀಲಿ ಛಾಯೆ ಇದ್ದರೆ ಬಿಸಿ ಹೆಚ್ಚಾಗಿದೆ, ಇಲ್ಲದಿದ್ದರೆ ಲೇಪ ತೆಳುವಾಗಿದೆ. ಫ್ಲಾಸ್ಕಿನಲ್ಲಿ ಈ ಛಾಯೆ ಬೇಗ ಬರುತ್ತದೆ. ಅದರ ಹೊರಗೋಡೆ ತೆಳು, ಹಿಂದೆ ನಿರ್ವಾತ, ಬಿಸಿ ಹೋಗಲು ದಾರಿ ಇಲ್ಲ. ಲೋಟಕ್ಕೆ ಹೊಂದಿದ ಸೆಟ್ಟಿಂಗನ್ನು ಫ್ಲಾಸ್ಕಿಗೆ ಹಾಕಬಾರದು.

ಸೆಟ್ಟಿಂಗ್ ಕಂಡುಹಿಡಿಯಲು ಅದೇ ಬಗೆಯ ಹಾಳು ಪಾತ್ರೆಯ ಮೇಲೆ ಚೌಕಗಳ ಪಟ್ಟಿ ಮಾಡಿ. ಪವರ್ 80 ಪ್ರತಿಶತಕ್ಕೆ ನಿಲ್ಲಿಸಿ, ವೇಗ ಸೆಕೆಂಡಿಗೆ 50, 100, 150, 200 ಮಿ.ಮೀ. ಗೆರೆಯ ಅಂತರ ಎಲ್ಲದರಲ್ಲೂ ಒಂದೇ. ಸ್ಕ್ರಬ್ಬರಿಗೆ ನಿಂತ ಚೌಕಗಳಲ್ಲಿ ಅತಿ ವೇಗದ್ದನ್ನು ಆರಿಸಿ, ಅದಕ್ಕಿಂತ ಸ್ವಲ್ಪ ನಿಧಾನಕ್ಕೆ ಕೆಲಸ ಮಾಡಿ. ವೇಗ ಅರ್ಧ ಮಾಡಿದರೆ ಪ್ರತಿ ಚುಕ್ಕೆಗೆ ಬೀಳುವ ಬಿಸಿ ಇಮ್ಮಡಿ ಎಂಬುದು ನೆನಪಿರಲಿ.

ಕಾಂಪೌಂಡಿನ ಬದಲು ಮಾಲಿಬ್ಡಿನಂ ಡೈಸಲ್ಫೈಡ್ ಸ್ಪ್ರೇ ಬಳಸುವವರೂ ಇದ್ದಾರೆ. ಅಗ್ಗ, ಕಪ್ಪಾಗಿ ಬರುತ್ತದೆ. ಆದರೆ ಅದು ಕಾದಾಗ ಗಂಧಕದ ಹೊಗೆ ಏಳುತ್ತದೆ. ಎಕ್ಸಾಸ್ಟ್ ಚೆನ್ನಾಗಿಲ್ಲದ ಅಂಗಡಿಯಲ್ಲಿ ಬೇಡ. ಯಾವುದನ್ನೇ ಬಳಸಿ, ಹಚ್ಚುವುದು ಪಾತ್ರೆಯ ಹೊರಮೈಗೆ ಮಾತ್ರ, ತುಟಿ ತಾಗುವ ಅಂಚಿನಿಂದ ದೂರ. ಲೇಪದಲ್ಲಿರುವ ಆಲ್ಕೋಹಾಲ್ ಪೂರ್ತಿ ಆರುವ ಮೊದಲು ಲೇಸರ್ ಹಚ್ಚಿದರೆ ಬೆಂಕಿ ಹತ್ತಬಹುದು.

ಪಟ್ಟಿ ಬಿದ್ದರೆ, ಅಕ್ಷರ ಚಪ್ಪಟೆಯಾದರೆ

ಇಲ್ಲಿ ಕಾಂಪೌಂಡಿನ ಪಾತ್ರ ಏನೂ ಇಲ್ಲ. ಪಾತ್ರೆಯನ್ನು ಉರುಳೆಗಳ ಮೇಲೆ ಮಲಗಿಸಿ ತಿರುಗಿಸುವ ರೋಲರ್ ರೋಟರಿಯಲ್ಲಿ ಪಾತ್ರೆ ಜಾರಿದೆ, ಅಷ್ಟೆ. ರೋಲರಿನ ರಬ್ಬರಿಗೆ ಕಾಂಪೌಂಡಿನ ಪುಡಿ ಅಂಟಿದ್ದರೆ, ಮಗ್ಗಿನ ಹಿಡಿ ಭಾರವಾಗಿ ಒಂದೇ ಕಡೆ ಎಳೆಯುತ್ತಿದ್ದರೆ ಹೀಗಾಗುತ್ತದೆ. ರಬ್ಬರ್ ಒರೆಸಿ, ಹಗುರ ಲೋಟದೊಳಗೆ ಮರಳಿನ ಚೀಲ ಇಡಿ. ಹಿಡಿ ಇರುವುದಕ್ಕೆ ಪಾತ್ರೆಯನ್ನು ಒಂದು ತುದಿಯಲ್ಲಿ ಕಚ್ಚಿ ಹಿಡಿದು ತಿರುಗಿಸುವ ಚಕ್ ರೋಟರಿಯೇ ಸರಿ.

ಸಾಫ್ಟ್‌ವೇರಿನಲ್ಲಿ ರೋಲರಿಗೆ ರೋಲರಿನ ವ್ಯಾಸ, ಚಕ್ಕಿಗೆ ಪಾತ್ರೆಯ ವ್ಯಾಸ ಕೊಡಬೇಕು. ಇವು ಅದಲುಬದಲಾದರೆ ಅಕ್ಷರ ಸುತ್ತಳತೆಯ ದಿಕ್ಕಿನಲ್ಲಿ ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ವ್ಯಾಸವನ್ನು ಕಣ್ಣಂದಾಜಿನಿಂದ ಹೇಳಬೇಡಿ. ಕಾಗದದ ಪಟ್ಟಿ ಸುತ್ತಿ ಅಳೆದು 3.14ರಿಂದ ಭಾಗಿಸಿ. 220 ಮಿ.ಮೀ. ಬಂದರೆ ವ್ಯಾಸ 70.

ನಮ್ಮ ಕಾಫಿ ಲೋಟಗಳು ಮೇಲೆ ಅಗಲ, ಕೆಳಗೆ ಕಿರಿದು. ರೋಲರಿನ ಮೇಲೆ ಅವು ತಿರುಗುತ್ತ ತಿರುಗುತ್ತ ಪಕ್ಕಕ್ಕೆ ಸರಿಯುತ್ತವೆ, ಸಾಲು ಓರೆಯಾಗುತ್ತದೆ. ಚಕ್ಕಿಗೆ ಹಾಕಿ, ನೆತ್ತಿಯ ಗೆರೆ ಸಮತಟ್ಟಾಗುವಷ್ಟು ರೋಟರಿಯ ಒಂದು ಕಡೆ ಎತ್ತಿ, ಎರಡೂ ತುದಿಯಲ್ಲಿ ಫೋಕಸ್ ಅಳೆದು ನೋಡಿ. ವ್ಯಾಸ ಕೊಡುವಾಗ ಹೆಸರು ಬರುವ ಜಾಗದ ನಡುವಿನ ವ್ಯಾಸ ಕೊಡಿ. ರೋಟರಿಯ ಕೇಬಲ್ ಸಿಕ್ಕಿಸುವಾಗ, ತೆಗೆಯುವಾಗ ಯಂತ್ರ ಆಫ್ ಇರಬೇಕು. ಚಾಲೂ ಇದ್ದಾಗ ಎಳೆದರೆ ಮೋಟಾರನ್ನು ನಡೆಸುವ ಡ್ರೈವರ್ ಬೋರ್ಡ್ ಸುಡಬಹುದು.

ಮಳೆಗಾಲದಲ್ಲಿ ಮಾತ್ರ ಕೆಡುತ್ತಿದ್ದರೆ

ಬಯಲುಸೀಮೆಯವರು ಬರೆದ ಯಾವ ಸೂಚನೆಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರ, ಅಂಕೋಲಾ, ಭಟ್ಕಳದಲ್ಲಿ ಹಾಗೆಹಾಗೇ ನಡೆಯುವುದಿಲ್ಲ. ಘಟ್ಟದ ಮೇಲೆ ಶಿರಸಿಯಲ್ಲೂ ಗೋಡೆ ಬೆವರುವ ದಿನಗಳಲ್ಲಿ ಇದೇ ಪಾಡು. ತೇವ ಮೂರು ದಾರಿಯಿಂದ ಬರುತ್ತದೆ.

ಒಂದು, ಲೇಪದೊಳಗೆ. ಆಲ್ಕೋಹಾಲ್ ಆರುವಾಗ ಪಾತ್ರೆಯ ಮೈ ತಣ್ಣಗಾಗುತ್ತದೆ, ಒದ್ದೆ ಗಾಳಿಯ ನೀರು ಅದರ ಮೇಲೆ ಕೂರುತ್ತದೆ. ಲೇಪ ಮಸುಕಾಗಿ, ಬಿಳಿಚಿದಂತೆ ಕಾಣುತ್ತದೆ. ಕಿರಣ ಬಿದ್ದಾಗ ಆ ನೀರು ಆವಿಯಾಗಿ ಲೇಪವನ್ನು ಸಿಡಿಸಿ ಅಕ್ಷರದಲ್ಲಿ ಸೂಜಿಮೊನೆಯ ತೂತುಗಳನ್ನು ಬಿಡುತ್ತದೆ. ಬಳಿಯುವ ಮೊದಲು ಪಾತ್ರೆಯನ್ನು ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ, ಬಳಿದ ಮೇಲೆ ಮತ್ತೊಮ್ಮೆ ಒಣಗಿಸಿ.

ಎರಡು, ಕಂಪ್ರೆಸರಿನಿಂದ. ಒದ್ದೆ ಗಾಳಿಯನ್ನು ಒತ್ತಿದಾಗ ನೀರು ಬೇರ್ಪಡುತ್ತದೆ, ಕಿರಣ ಬೀಳುವಲ್ಲಿಗೆ ಗಾಳಿ ಊದುವ ಏರ್ ಅಸಿಸ್ಟ್ ಕೊಳವೆಯಿಂದ ಲೆನ್ಸಿನ ಮೇಲೂ ಲೇಪದ ಮೇಲೂ ಸಿಡಿಯುತ್ತದೆ. ನಾಜಲಿನ ಕೆಳಗೆ ಬಿಳಿ ಕಾಗದ ಹಿಡಿದು ಒಂದು ನಿಮಿಷ ಗಾಳಿ ಬಿಡಿ. ಕಾಗದದ ಮೇಲೆ ಒದ್ದೆ ಚುಕ್ಕೆ ಬಿದ್ದರೆ ಸಾಲಿನಲ್ಲಿ ನೀರು ಹಿಡಿಯುವ ಫಿಲ್ಟರ್ ಹಾಕಿ, ಟ್ಯಾಂಕಿನ ತಳದ ನೀರನ್ನು ದಿನಾ ಬಿಡಿ. ಕಾಂಪೌಂಡ್ ಕೆಲಸಕ್ಕೆ ಗಾಳಿ ಸಣ್ಣದಾಗಿದ್ದರೆ ಸಾಕು.

ಮೂರನೆಯದು ದುಬಾರಿ. 30 ಡಿಗ್ರಿ ಸೆಲ್ಸಿಯಸ್, 85 ಪ್ರತಿಶತ ತೇವಾಂಶದ ಗಾಳಿಯಲ್ಲಿ ಇಬ್ಬನಿ ಬಿಂದು ಸುಮಾರು 27 ಡಿಗ್ರಿ. ಅಂದರೆ ಅದಕ್ಕಿಂತ ತಣ್ಣಗಿರುವ ಎಲ್ಲದರ ಮೇಲೂ ನೀರು ಕಟ್ಟುತ್ತದೆ. ಟ್ಯೂಬಿಗೆ ತಣ್ಣೀರು ಹರಿಸುವ ಚಿಲ್ಲರನ್ನು 20ಕ್ಕೆ ಇಟ್ಟಿದ್ದರೆ ಟ್ಯೂಬ್ ಬೆವರುತ್ತದೆ. ಬೆಳಕು ಹೊರಬರುವ ತುದಿಯ ಮೇಲೆ ಕೂತ ತೇವ ಪವರನ್ನು ನುಂಗುತ್ತದೆ. ಹೈವೋಲ್ಟೇಜ್ ತುದಿಯಲ್ಲಿ ಕೂತರೆ ಕಿಡಿ ಹಾರಿ ಟ್ಯೂಬೇ ಹೋಗಬಹುದು. ಬೆಳಿಗ್ಗೆ ಸರಿ ಇದ್ದು ಮಧ್ಯಾಹ್ನ ಮಾಸುವುದಕ್ಕೆ ಕಾರಣ ಹೆಚ್ಚಾಗಿ ಇದು. ಚಿಲ್ಲರ್ ಬಿಸಿ ಮಾಡುವುದು ಪೂರ್ತಿ ಪರಿಹಾರ ಅಲ್ಲ, ಟ್ಯೂಬಿಗೆ 25 ಡಿಗ್ರಿಯ ಆಚೆ ಒಳ್ಳೆಯದಲ್ಲ. ಕೋಣೆಯನ್ನು ಮುಚ್ಚಿ ಏಸಿ ಹಾಕಿ 25 ಡಿಗ್ರಿ, 55 ಪ್ರತಿಶತಕ್ಕೆ ತಂದರೆ ಇಬ್ಬನಿ ಬಿಂದು 15ಕ್ಕೆ ಇಳಿಯುತ್ತದೆ, ಚಿಲ್ಲರ್ 20ರಲ್ಲೇ ನಿಶ್ಚಿಂತೆಯಿಂದ ಇರಬಹುದು. ಇನ್ನೂರು ರೂಪಾಯಿ ಆಸುಪಾಸಿನ ತೇವಾಂಶ ಮೀಟರ್ ಒಂದನ್ನು ಯಂತ್ರದ ಪಕ್ಕ ತೂಗುಹಾಕದೆ ಮಳೆಗಾಲದ ಆರ್ಡರ್ ಹಿಡಿಯಬೇಡಿ.

ಲೋಹವೇ ಒಪ್ಪದಿದ್ದರೆ

ಎಲ್ಲ ಸರಿ ಇದ್ದೂ ತಾಮ್ರದ ತಂಬಿಗೆಯ ಮೇಲೆ ನಿಲ್ಲುತ್ತಿಲ್ಲವೇ? ತಾಮ್ರ ಸ್ಟೇನ್‌ಲೆಸ್ ಸ್ಟೀಲಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚುರುಕಾಗಿ ಬಿಸಿಯನ್ನು ಎಳೆದುಕೊಳ್ಳುತ್ತದೆ. ಕಾಂಪೌಂಡ್ ಕರಗುವ ಮೊದಲೇ ಬಿಸಿ ಇಡೀ ಪಾತ್ರೆಗೆ ಹರಡಿರುತ್ತದೆ. ಹಿತ್ತಾಳೆಯೂ ಸ್ಟೀಲಿನ ಆರೇಳು ಪಟ್ಟು. ಜೊತೆಗೆ ಹುಣಸೆಹಣ್ಣಿನಿಂದ ಬೆಳಗಿದಾಗೆಲ್ಲ ಅದರ ಮೇಲ್ಮೈ ಒಂದಿಷ್ಟು ಕರಗಿ ಹೋಗುತ್ತದೆ, ಅಂಟಿದ್ದೂ ಸಡಿಲವಾಗುತ್ತದೆ. 60 ವ್ಯಾಟಿನ ಯಂತ್ರದಲ್ಲಿ ತಾಮ್ರ, ಹಿತ್ತಾಳೆಗೆ ಕಾಂಪೌಂಡ್ ಹಾಕುವ ಆರ್ಡರ್ ಒಪ್ಪಿಕೊಳ್ಳಬೇಡಿ. ಬರಿಯ ಲೋಹದ ಮೇಲೇ ಗುರುತು ಹಾಕಬಲ್ಲ ಫೈಬರ್ ಲೇಸರ್ ಇರುವವರ ಹತ್ತಿರ ಕಳಿಸಿ.

ಸ್ಟೀಲಿನಲ್ಲೂ ಒಂದು ಎಚ್ಚರ. ಗುರುತು ಗಟ್ಟಿಯಾಗಿದ್ದೂ ಕೆಲವು ವಾರಗಳ ಮೇಲೆ ಅಕ್ಷರದ ಅಂಚಿನಲ್ಲಿ ಕೆಂಪು ಚುಕ್ಕೆ ಕಂಡಿತು ಎಂಬ ದೂರು ಕಡಲಂಚಿನ ಊರುಗಳಿಂದ ಬರುತ್ತದೆ. ಬಿಸಿಗೆ ಬಣ್ಣ ತಿರುಗಿದ ಸ್ಟೀಲ್ ತುಕ್ಕು ತಡೆಯುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ, ಉಪ್ಪು ಗಾಳಿಗೆ ಅದೇ ಜಾಗ ಮೊದಲು ಸಿಗುತ್ತದೆ. 202 ದರ್ಜೆಯ ಪಾತ್ರೆಯಲ್ಲಿ ಇದು 304ಕ್ಕಿಂತ ಬೇಗ. ಅಯಸ್ಕಾಂತ ಹಿಡಿದು ಇವೆರಡನ್ನು ಬೇರ್ಪಡಿಸಲು ಬರುವುದಿಲ್ಲ, ಎರಡೂ ಅಷ್ಟಾಗಿ ಅಂಟುವುದಿಲ್ಲ. ಕೊಳ್ಳುವಾಗಲೇ ದರ್ಜೆ ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಹಳದಿ ಛಾಯೆ ಬಂದ ಪಾತ್ರೆಯನ್ನು ಕಾರವಾರ, ಗೋಕರ್ಣದ ಗಿರಾಕಿಗೆ ಕೊಡಬೇಡಿ. ವೇಗ ಒಂದು ಮೆಟ್ಟಿಲು ಹೆಚ್ಚಿಸಿ ಹೊಸ ಪಾತ್ರೆಗೆ ಹಾಕಿ, ಸ್ಕ್ರಬ್ಬರಿನಿಂದ ತಿಕ್ಕಿ, ಪೂರ್ತಿ ಒಣಗಿಸಿ ಕಾಗದದಲ್ಲಿ ಸುತ್ತಿ ಕೊಡಿ.